ತಟಸ್ಥ

ಫ್ರೀಟೌನಿನಲ್ಲಿ ಹರ್ಮಟಾನ್ ಧೂಳಿನ ತಿಂಗಳು.
ಆಡಿಟ್ ಕಚೇರಿಯ ಮೂರನೇ ಮಹಡಿಗೆ
ಜಿನೀವಾದಿಂದ ನಾಲ್ಕು ರಟ್ಟಿನ ಪೆಟ್ಟಿಗೆ ಬಂದವು,
ವಿಮಾನದಲ್ಲಿ, ಸರ್ಕಾರದ ಖರ್ಚಿನಲ್ಲಿ.
ಆ ಖರ್ಚಿನ ಬಿಲ್ಲೂ ಪೆಟ್ಟಿಗೆಯೊಳಗೇ ಇತ್ತು.

ಹನ್ನೊಂದು ವರ್ಷದಿಂದ ನನ್ನ ಕೆಲಸ ಇದು:
ಕೆಂಪು ಪೆನ್ಸಿಲು, ಉಗುಳು ಹಚ್ಚಿದ ಬೆರಳು,
ಪುಟದ ಬುಡದಲ್ಲಿ ಜಿಲೋ ಕ್ಪಾಕಾ ಎಂಬ ಸಹಿ.

ಮೊದಲ ಪೆಟ್ಟಿಗೆ, ರಾಯಭಾರಿಯ ಮನೆ.
ಹಿಂದಿನವರು ಹೋಗಿ, ಮುಂದಿನವರು ಬಾರದೆ
ಹದಿನಾಲ್ಕು ತಿಂಗಳು ಖಾಲಿ.
ಅಷ್ಟೂ ತಿಂಗಳು ಅದನ್ನು ಬೆಚ್ಚಗಿಟ್ಟಿದ್ದಾರೆ,
ಗೋಡೆಗಳಿಗೆ ಚಳಿಯಾದೀತೆಂದು.
ಯಾರೂ ನುಡಿಸದ ಪಿಯಾನೋ ಒಂದಿದೆ,
ವರ್ಷಕ್ಕೆ ಎರಡು ಸಲ ಶ್ರುತಿ ಕೂಡಿಸಿದ್ದಾರೆ.
ಬಿಳಿ ಟುಲಿಪ್ ನಲವತ್ತು.
ಹೂದಾನಿಗೆ ಸುರಿದದ್ದು ಬಾಟಲಿ ನೀರು.

ಎರಡನೆಯದು, ಜೂನಿನ ನಿಯೋಗ. ಹದಿನೇಳು ಜನ.
ಕಡಲು ಗೊತ್ತಿದ್ದವರು ಇಬ್ಬರು,
ವಿಮಾನದ ಕೊನೇ ಸಾಲಿನಲ್ಲಿ, ಪಾಯಿಖಾನೆಯ ಪಕ್ಕ.
ಮಂತ್ರಿಗಳ ಅಂಗಿಗೆ ಇಸ್ತ್ರಿ: ರಸೀದಿ ಇದೆ.
ಮಂತ್ರಿಗಳ ಅಳಿಯನ ಮೊಣಕಾಲಿಗೆ ಮುಲಾಮು: ಇದೆ.
ಕಳ್ಳತನವೆಂದರೆ ಹರಕು ಕಾಗದ ಎಂದು
ಕಲಿತು ಬಂದವಳು ನಾನು.
ಇಲ್ಲಿ ಗುಂಡುಪಿನ್ನು ಕೂಡ ನೆಟ್ಟಗೆ ಚುಚ್ಚಿದೆ.

ಆರನೇ ದಿನ ಮತ.
ದೊಡ್ಡ ದೇಶಗಳ ಬಲೆಹಡಗು
ಬಡವರ ದಂಡೆಯಿಂದ ಎಷ್ಟು ಮೈಲಿ ಆಚೆ ನಿಲ್ಲಬೇಕು,
ಅಷ್ಟೇ, ಒಂದೇ ಸಾಲಿನ ಠರಾವು.
ಪರ ಐವತ್ತೆಂಟು. ವಿರೋಧ ಐವತ್ತೆಂಟು.
ಒಂದು ಕೈ ಸಾಲದೆ
ಬಿತ್ತು ಆ ಸಾಲು.
ನಮ್ಮ ಹೆಸರಿನ ಮುಂದೆ: ತಟಸ್ಥ.

ಯಾರು ಹೇಳಿದರು ಹಾಗೆ ಕೂತಿರಿ ಎಂದು?
ನಾಲ್ಕೂ ಪೆಟ್ಟಿಗೆ ನೆಲಕ್ಕೆ ಸುರುವಿದೆ.
ತಂತಿಯಿಲ್ಲ, ಟಿಪ್ಪಣಿಯಿಲ್ಲ, ಒಂದು ಚೀಟಿಯೂ ಇಲ್ಲ.
ಹೋಟೆಲಿನ ಫೋನು ಬಿಲ್ಲಿನಲ್ಲಿ ಮಾತ್ರ
ರಾತ್ರಿ ಎರಡು ಹನ್ನೊಂದಕ್ಕೆ ಒಂದು ಕರೆ, ಆರು ನಿಮಿಷ.
ಯಾರಿಗೆ ಎಂಬಲ್ಲಿ ಕಾಫಿಯ ಕಲೆ.
ಆ ಕಾಫಿಯ ಬಿಲ್ಲು ಇದೆ.

ಸಚಿವಾಲಯಕ್ಕೆ ಬರೆದೆ. ಎರಡೇ ದಿನಕ್ಕೆ ಉತ್ತರ,
ಇಷ್ಟು ಬೇಗ ಅವರೆಂದೂ ಉತ್ತರಿಸಿದ್ದಿಲ್ಲ:
ವಿದೇಶ ನೀತಿ ಲೆಕ್ಕ ತಪಾಸಣೆಯ ವ್ಯಾಪ್ತಿಗೆ ಬಾರದು.
ಹಿರಿಯ ಆಡಿಟರ್ ಥೋಲಿ, ನಿವೃತ್ತಿಗೆ ಮೂರು ತಿಂಗಳಿದ್ದವರು,
ಬಾಗಿಲು ಮುಚ್ಚಿ ಬಂದು ಹೇಳಿದರು:
'ದುಡ್ಡು ಎಲ್ಲಿ ಹೋಯಿತು ಅಂತ ಕೇಳಮ್ಮ.
ದೇಶ ಎಲ್ಲಿ ಹೋಯಿತು ಅಂತ ಕೇಳೋಕೆ
ನಮಗೆ ಸಂಬಳ ಕೊಡೋಲ್ಲ.'

ಶನಿವಾರ ಪೋಡಾಪೋಡಾ ಹತ್ತಿ ಟೊಂಬೋಗೆ ಹೋದೆ.
ಚಿಕ್ಕಮ್ಮ ಯೆಬು ದಡದಲ್ಲಿ ನಿಂತಿದ್ದಳು.
ತಟದಲ್ಲಿ ನಿಂತವರೇ ತಟಸ್ಥರಾದರೆ
ಈ ದೇಶದಲ್ಲಿ ಅವಳಷ್ಟು ತಟಸ್ಥರು ಬೇರಿಲ್ಲ:
ನಲವತ್ತು ವರ್ಷ, ಮೊಣಕಾಲವರೆಗೆ ನೀರು,
ತಲೆಯ ಮೇಲೆ ಬುಟ್ಟಿ, ಕಣ್ಣು ದೋಣಿಯ ದಾರಿಗೆ.
ಈಚೆಗೆ ಬುಟ್ಟಿಯ ತಳ ಕಾಣುತ್ತದೆ.
ಅವಳ ಮಗನ ಬಲೆಯನ್ನು ಯಾವುದೋ ಹಡಗು
ರಾತ್ರಿಯಲ್ಲಿ ಸೀಳಿಕೊಂಡು ಹೋಗಿದೆ;
ಅಂಗಳದಲ್ಲಿ ಅವನು ಅದನ್ನು ಹೊಲಿಯುತ್ತಲೂ ಇಲ್ಲ,
ಎಸೆಯುತ್ತಲೂ ಇಲ್ಲ.

ಕತ್ತಲಾದ ಮೇಲೆ ನೀರಿನಂಚಿಗೆ ದೀಪಗಳು.
ಎಣಿಸಿದೆ, ಚಾಳಿ. ಒಂಬತ್ತು.

ಹೊಗೆಗೂಡಿನ ಮೇಲೆ ಬೊಂಗಾ ಮೀನು ಮಗುಚುತ್ತ
ಚಿಕ್ಕಮ್ಮ ಕೇಳಿದಳು:
'ಅಷ್ಟು ಜನ ಹೋದರಂತಲ್ಲ ವಿಮಾನದಲ್ಲಿ,
ನಮಗಾಗಿ ಏನಾದರೂ ಮಾಡಿದರೇನೇ?'
'ಕೈ ಎತ್ತಿದರು' ಅಂದೆ.
ಅವಳ ಮುಖ ಅರಳಿತು.
ಕೆಂಡದ ಬೆಳಕಿರಬಹುದು ಎಂದುಕೊಂಡೆ, ಅಲ್ಲ.
'ಎತ್ತಲೇಬೇಕಲ್ಲ, ನಮ್ಮ ಮಕ್ಕಳು' ಎಂದು
ಇನ್ನೆರಡು ಮೀನು ನನ್ನ ತಟ್ಟೆಗೆ ಹಾಕಿದಳು.
ತಿಂದೆ. ತಿದ್ದಲಿಲ್ಲ.

ಸೋಮವಾರ. ಮೂರನೇ ಮಹಡಿ.
ಆಕ್ಷೇಪಣೆಯ ಹಾಳೆ ತೆಗೆದು ಬರೆದೆ:
ಕಂಡಿಕೆ ನಲವತ್ತೊಂದು. ವೋಚರು ಲಭ್ಯವಿಲ್ಲ.
ವಿವರ: ಎತ್ತದ ಕೈ, ಒಂದು.
ಮೊತ್ತದ ಕಲಮಿಗೆ ಬಂದು ಪೆನ್ಸಿಲು ನಿಂತಿತು.
ನಾಲಿಗೆ ತುದಿಯಲ್ಲಿ ತಡವಿಕೊಂಡೆ:
ಬೊಂಗಾದ ಒಂದು ಮುಳ್ಳು
ಹಲ್ಲಿನ ಸಂದಿಯಲ್ಲಿ ಇನ್ನೂ ಇತ್ತು.